ಪಿಯಾನೋದಿಂದ ಸ್ಯಾಕ್ಸೋಫೋನಿಗೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ನಡುಭಾಗದಲ್ಲಿ ಮಿಸೌರಿ ಎಂಬ ಸಂಸ್ಥಾನವಿದೆ. ಅಲ್ಲಿಯ ಸೆಡಾಲಿಯಾ ಎಂಬ ಊರು ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ರೈಲುದಾರಿಗಳು ಕೂಡುವ ಪಟ್ಟಣವಾಗಿ ಬೆಳೆದಿತ್ತು. 1899ನೆಯ ಇಸವಿಯ ಆಗಸ್ಟ್ 10ರಂದು ಇಬ್ಬರ ನಡುವೆ ಅಲ್ಲಿ ಒಂದು ಕರಾರು ಏರ್ಪಟ್ಟಿತು. ಒಬ್ಬನು ಜಾನ್ ಸ್ಟಾರ್ಕ್ ಎಂಬ ಬಿಳಿಯ ವ್ಯಾಪಾರಿ; ವಾದ್ಯಗಳನ್ನೂ ಸಂಗೀತದ ಮುದ್ರಿತ ಹಾಳೆಗಳನ್ನೂ ಮಾರುತ್ತಿದ್ದವನು. ಮತ್ತೊಬ್ಬನು ಸ್ಕಾಟ್ ಜಾಪ್ಲಿನ್. ಮೂವತ್ತರ ಆಸುಪಾಸಿನ ಕಪ್ಪು ಜನಾಂಗದ ಸಂಗೀತಗಾರ. ಜಾಪ್ಲಿನ್ ಪಿಯಾನೋ ವಾದ್ಯಕ್ಕಾಗಿ ಬರೆದ ‘ಮೇಪಲ್ ಲೀಫ್ ರ‍್ಯಾಗ್’ ಎಂಬ ಕೃತಿಯನ್ನು ಸ್ಟಾರ್ಕ್ ಅಚ್ಚು ಹಾಕಿಸಬೇಕು. ಮಾರಾಟವಾಗುವ ಒಂದೊಂದು ಪ್ರತಿಗೂ ಜಾಪ್ಲಿನ್ನನಿಗೆ ಒಂದೊಂದು ಸೆಂಟ್ ಸಲ್ಲಬೇಕು. ಇದು ಕರಾರಿನ ಸಾರ.

ಒಂದು ಸೆಂಟ್ ಎಂದರೆ ಒಂದು ಡಾಲರಿನ ನೂರನೆಯ ಒಂದು ಭಾಗ. ಆದರೆ ಈ ಚಿಲ್ಲರೆ ಕಾಸಿನ ಹಿಂದೆ ಅಡಗಿದ್ದ ಅರ್ಥ ದೊಡ್ಡದು. ಆ ಕಾಲದಲ್ಲಿ ಕಪ್ಪು ಸಂಗೀತಗಾರನ ಕೈಗೆ ಒಂದಿಷ್ಟು ಹಣವನ್ನಿತ್ತು, ಅವನ ಕೃತಿಯ ಮೇಲಿನ ಹಕ್ಕನ್ನೆಲ್ಲ ಕೊಂಡುಬಿಡುವುದು ವಾಡಿಕೆಯಾಗಿತ್ತು. ಜಾಪ್ಲಿನ್ ಹಾಗೆ ಮಾರಲೊಪ್ಪದೆ, ವಕೀಲನ ನೆರವು ಪಡೆದು ಕರಾರು ಮಾಡಿಕೊಂಡ. ತಾನು ಬರೆದದ್ದು ತನ್ನದೇ, ಅದು ಎಲ್ಲಿಗೆ ಹೋದರೂ ತನ್ನ ಹೆಸರು ಅದರೊಡನೆ ಹೋಗಬೇಕು ಎಂಬ ಹಟ ಅವನಲ್ಲಿ ಕೊನೆಯವರೆಗೂ ಇದ್ದಿತು. ಆ ಕೃತಿಯಾದರೋ ಅವನು ಊಹಿಸಿದ್ದಕ್ಕಿಂತ ದೂರ ಹೋಯಿತು. ಪಿಯಾನೋಗೆಂದು ಬರೆದ ಆ ರಚನೆಯನ್ನು ಇಂದು ನಾಲ್ವರು ಸ್ಯಾಕ್ಸೋಫೋನ್ ವಾದಕರು ಒಟ್ಟಿಗೆ ಕುಳಿತು ನುಡಿಸುವುದನ್ನು ಅನೇಕ ದೇಶಗಳಲ್ಲಿ ಕೇಳಬಹುದು. ಒಬ್ಬನ ಎರಡು ಕೈಗಳಿಂದ ನಾಲ್ವರ ಉಸಿರಿಗೆ ಆ ಸಂಗೀತ ದಾಟಿದ ಬಗೆ ತಿಳಿಯತಕ್ಕ ವಿಷಯ.

ಜಾಪ್ಲಿನ್ ಹುಟ್ಟಿದ್ದು ಸುಮಾರು 1868ರಲ್ಲಿ, ಟೆಕ್ಸಾಸ್ ಸಂಸ್ಥಾನದ ಈಶಾನ್ಯ ಭಾಗದಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಗಿ ಆಗ ಮೂರು ವರ್ಷವಾಗಿತ್ತಷ್ಟೆ. ಅವನ ತಂದೆ ಗುಲಾಮನಾಗಿ ಹುಟ್ಟಿ ಬಿಡುಗಡೆ ಹೊಂದಿದವನು. ರೈಲುದಾರಿಯ ಕೆಲಸದಲ್ಲಿ ಕೂಲಿ ಮಾಡುತ್ತಿದ್ದ. ತಾಯಿ ಬಿಳಿಯರ ಮನೆಗಳಲ್ಲಿ ಕಸ ಮುಸುರೆಯ ಕೆಲಸಕ್ಕೆ ಹೋಗುತ್ತಿದ್ದಳು. ಆಕೆ ಮನೆಯನ್ನು ಗುಡಿಸಿ ಒರೆಸುತ್ತಿರುವಾಗ ಹುಡುಗನು ಆ ಮನೆಯ ಪಿಯಾನೋದ ಮುಂದೆ ಕುಳಿತು ಕೈಯಾಡಿಸಿ ಕಲಿತನಂತೆ. ಜೂಲಿಯಸ್ ವೈಸ್ ಎಂಬ ಜರ್ಮನಿಯಿಂದ ಬಂದ ಉಪಾಧ್ಯಾಯನು ಅವನ ಪ್ರತಿಭೆಯನ್ನು ಕಂಡು, ಶುಲ್ಕವಿಲ್ಲದೆ ಪಾಠ ಹೇಳಿ, ಯೂರೋಪಿನ ಶಾಸ್ತ್ರೀಯ ಸಂಗೀತದ ರುಚಿಯನ್ನು ಹತ್ತಿಸಿದ. ತನ್ನ ಜನರ ಕುಣಿತದ ಹಾಡುಗಳು ಒಂದು ಕಿವಿಯಲ್ಲಿ, ಯೂರೋಪಿನ ಗೇಯನಾಟಕಗಳ ಸ್ವರಗಳು ಇನ್ನೊಂದು ಕಿವಿಯಲ್ಲಿ: ಹೀಗೆ ಬೆಳೆದ ಜಾಪ್ಲಿನ್ ಪಿಯಾನೋ ನುಡಿಸುತ್ತ ಊರೂರು ಅಲೆದು ಸೆಡಾಲಿಯಾಕ್ಕೆ ಬಂದು ನೆಲೆಸಿದ. ಅಲ್ಲಿ ಕಪ್ಪು ಜನರದೇ ಆದ ಊದುವಾದ್ಯಗಳ ಬ್ಯಾಂಡಿನಲ್ಲಿ ಅವನು ಕಾರ್ನೆಟ್ ಊದಿದ್ದೂ ಉಂಟು.

ಅವನು ಬರೆದ ಸಂಗೀತಕ್ಕೆ ರ‍್ಯಾಗ್‌ಟೈಮ್ ಎಂದು ಹೆಸರು. ರ‍್ಯಾಗ್ ಎಂದರೆ ಹರುಕು ಬಟ್ಟೆ. ಟೈಮ್ ಎಂದರೆ ಇಲ್ಲಿ ತಾಳ. ಹರಿದ ತಾಳ ಎಂದು ಹೇಳಬಹುದೇನೋ. ಆದರೆ ಈ ಸಂಗೀತದಲ್ಲಿ ತಾಳ ಹರಿಯುವುದಿಲ್ಲ. ತಾಳ ಕಲ್ಲಿನಂತೆ ನಿಂತಿರುತ್ತದೆ. ಅದರ ಮೇಲೆ ಹಾಡು ಮಾತ್ರ ಅಲ್ಲಲ್ಲಿ ಜಾರಿ, ಎಡವಿದಂತೆ ನಟಿಸಿ, ಮತ್ತೆ ಸರಿಯಾದ ಜಾಗಕ್ಕೆ ಬಂದು ಸೇರುತ್ತದೆ.

ಇದನ್ನು ವಾದ್ಯವಿಲ್ಲದೆಯೂ ಅನುಭವಿಸಬಹುದು. ಒಂದರಿಂದ ಎಂಟರವರೆಗೆ ಸಮನಾಗಿ ಎಣಿಸಿರಿ. ಒಂದು, ಮೂರು, ಐದು, ಏಳು ಎಂಬಲ್ಲಿ ಕಾಲಿನಿಂದ ನೆಲವನ್ನು ತಟ್ಟಿರಿ. ಪಿಯಾನೋ ವಾದಕನ ಎಡಗೈ ಮಾಡುವ ಕೆಲಸ ಇದೇ: ಒಂದಕ್ಕೆ ಮಂದ್ರ ಸ್ವರ, ಮೂರಕ್ಕೆ ಮಧ್ಯದಲ್ಲಿ ಹಲವು ಸ್ವರಗಳ ಗೊಂಚಲು, ಐದಕ್ಕೆ ಮತ್ತೆ ಮಂದ್ರ, ಏಳಕ್ಕೆ ಮತ್ತೆ ಗೊಂಚಲು. ಈಗ ಕಾಲನ್ನು ನಿಲ್ಲಿಸದೆ ಒಂದು, ನಾಲ್ಕು, ಏಳು ಎಂಬಲ್ಲಿ ಕೈ ಚಪ್ಪಾಳೆ ಹಾಕಿರಿ. ಮೂರು, ಮೂರು, ಎರಡು ಎಂದು ಎಂಟು ಒಡೆಯುತ್ತದೆ. ನಾಲ್ಕರ ಚಪ್ಪಾಳೆ ಕಾಲಿನ ಎರಡು ಪೆಟ್ಟುಗಳ ನಡುವೆ ಬೀಳುತ್ತದೆ. ಏಳರಲ್ಲಿ ಕೈಯೂ ಕಾಲೂ ಕೂಡುತ್ತವೆ. ರ‍್ಯಾಗ್‌ಟೈಮಿನಲ್ಲಿ ಬಲಗೈ ಹೂಡುವ ಆಟಗಳಲ್ಲಿ ಇದು ಬಹಳ ಸರಳವಾದದ್ದು. ತಾಳದ ಮೊದಲ ಪೆಟ್ಟು ಬಿದ್ದು ತುಸು ತಡೆದು ಹಾಡನ್ನು ಎತ್ತಿಕೊಳ್ಳುವ ಕೀರ್ತನೆಗಳು ನಮ್ಮ ಸಂಗೀತದಲ್ಲಿಯೂ ಇರುವುದರಿಂದ, ಪೆಟ್ಟನ್ನು ತಪ್ಪಿಸಿ ಹಾಡುವುದರಲ್ಲಿರುವ ಸೊಗಸು ನಮಗೆ ತೀರ ಹೊಸದಲ್ಲ. ರ‍್ಯಾಗ್‌ಟೈಮಿನ ವಿಶೇಷವೆಂದರೆ, ಈ ತಪ್ಪಿಸುವಿಕೆ ಎತ್ತುಗಡೆಯಲ್ಲಿ ಮಾತ್ರವಲ್ಲದೆ ಹೆಜ್ಜೆಹೆಜ್ಜೆಗೂ ನಡೆಯುತ್ತದೆ.

ಕೃತಿಯ ಕಟ್ಟಡವೂ ಖಚಿತವಾದದ್ದೇ. ‘ಮೇಪಲ್ ಲೀಫ್ ರ‍್ಯಾಗ್’ನಲ್ಲಿ ಹದಿನಾರು ಹದಿನಾರು ಅಳತೆಗಳ ನಾಲ್ಕು ಖಂಡಗಳಿವೆ. ಮೊದಲ ಎರಡನ್ನು ಎರಡೆರಡು ಸಲ ನುಡಿಸಿ, ಮೊದಲನೆಯದಕ್ಕೆ ಒಮ್ಮೆ ಹಿಂದಿರುಗಿ, ಅನಂತರ ಆಧಾರಸ್ವರವನ್ನು ಬದಲಾಯಿಸಿಕೊಂಡು ಮೂರನೆಯ ಖಂಡಕ್ಕೆ ಹೋಗಿ, ಕಡೆಗೆ ನಾಲ್ಕನೆಯದರಲ್ಲಿ ಮುಗಿಸಬೇಕು. ಪ್ರತಿ ಸ್ವರವೂ ಬರೆದಿಟ್ಟದ್ದು. ವಾದಕನು ತನ್ನ ಮನೋಧರ್ಮಕ್ಕೆ ತಕ್ಕಂತೆ ಸೇರಿಸಬೇಕೆಂದು ಜಾಪ್ಲಿನ್ ಬಯಸಲಿಲ್ಲ.

ಇಷ್ಟು ಬಿಗಿಯಾದ ಕಲೆಯನ್ನು ಆ ಕಾಲದ ಸಭ್ಯ ಸಮಾಜ ಕಂಡದ್ದು ಹೇಗೆ? ಮದ್ಯದಂಗಡಿಯ ಗದ್ದಲ ಎಂದು. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಕಪ್ಪು ಜನರನ್ನು ಅಣಕಿಸುವ ರಂಗಪ್ರದರ್ಶನಗಳು ಆಗ ಅಮೆರಿಕದಲ್ಲಿ ಬಹಳ ಜನಪ್ರಿಯವಾಗಿದ್ದವು. ರ‍್ಯಾಗ್‌ಟೈಮಿನ ಲಯವನ್ನು ಅಂಥ ಹಾಸ್ಯಕ್ಕೂ ಎಳೆದು ತಂದರು. ಇದಕ್ಕೆ ಜಾಪ್ಲಿನ್ ಕೂಗಾಡಿ ಉತ್ತರ ಕೊಡಲಿಲ್ಲ. 1908ರಲ್ಲಿ ರ‍್ಯಾಗ್‌ಟೈಮನ್ನು ಕ್ರಮವಾಗಿ ಕಲಿಯುವವರಿಗಾಗಿ ಆರು ಅಭ್ಯಾಸಗಳ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದ. ತನ್ನ ಹಲವು ಕೃತಿಗಳ ಮೇಲೆ, ಇದನ್ನು ವೇಗವಾಗಿ ನುಡಿಸಬಾರದು, ರ‍್ಯಾಗ್‌ಟೈಮನ್ನು ವೇಗವಾಗಿ ನುಡಿಸುವುದು ಎಂದಿಗೂ ಸರಿಯಲ್ಲ ಎಂಬ ಅರ್ಥದ ಸೂಚನೆಯನ್ನು ಅಚ್ಚು ಹಾಕಿಸಿದ. ಸರ್ಕಸ್ಸಿನ ಚಮತ್ಕಾರವೆಂದು ಇದನ್ನು ನೋಡಬೇಡಿ, ಸಂಗೀತವೆಂದು ಕೇಳಿ ಎಂಬ ಬೇಡಿಕೆ ಆ ಸಣ್ಣ ಸೂಚನೆಯಲ್ಲಿದೆ ಎಂದೇ ನಾವು ತಿಳಿಯಬೇಕು.

ಇನ್ನು ಸ್ಯಾಕ್ಸೋಫೋನಿನ ವಿಚಾರ. ಜಾಪ್ಲಿನ್ನನಂತೆಯೇ ಈ ವಾದ್ಯವೂ ದೊಡ್ಡವರ ಮನೆಯ ಬಾಗಿಲಲ್ಲಿ ಬಹುಕಾಲ ಕಾಯಬೇಕಾಯಿತು. ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬವನು ಇದನ್ನು ನಿರ್ಮಿಸಿ, 1846ರಲ್ಲಿ ಫ್ರಾನ್ಸಿನಲ್ಲಿ ಇದರ ಹಕ್ಕುಪತ್ರ ಪಡೆದ. ಮೈ ಹಿತ್ತಾಳೆಯದು, ಬಾಯಲ್ಲಿ ಮಾತ್ರ ಜೊಂಡಿನ ಒಂದು ತೆಳುವಾದ ಸೀಳು. ಊದಿದಾಗ ಆ ಸೀಳು ಕಂಪಿಸಿ ಕೊಳವೆಯೊಳಗಿನ ಗಾಳಿಯನ್ನು ನುಡಿಸುತ್ತದೆ. ಹಿತ್ತಾಳೆಯ ಕಹಳೆಗಳ ಗಟ್ಟಿತನವೂ ಜೊಂಡಿನ ವಾದ್ಯಗಳ ಮೃದುತ್ವವೂ ಒಂದರಲ್ಲಿ ಸೇರಬೇಕೆಂಬುದು ಸ್ಯಾಕ್ಸನ ಆಸೆಯಾಗಿತ್ತು. ಸೈನ್ಯದ ಬ್ಯಾಂಡುಗಳು ಅದನ್ನು ಸ್ವೀಕರಿಸಿದವು. ಶಾಸ್ತ್ರೀಯ ವಾದ್ಯವೃಂದಗಳಲ್ಲಿ ಅದಕ್ಕೆ ಕಾಯಂ ಸ್ಥಾನ ಸಿಗಲಿಲ್ಲ. ಎದುರಾಳಿ ತಯಾರಕರು ಹೂಡಿದ ವ್ಯಾಜ್ಯಗಳಿಂದ ಬಳಲಿ, ಒಂದಕ್ಕಿಂತ ಹೆಚ್ಚು ಸಲ ದಿವಾಳಿಯಾಗಿ, ಸ್ಯಾಕ್ಸ್ 1894ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಆದರೆ ಅವನ ಆಲೋಚನೆಯಲ್ಲಿ ಒಂದು ಜಾಣತನವಿತ್ತು. ಅವನು ಒಂದು ವಾದ್ಯವನ್ನಲ್ಲ, ಒಂದು ಕುಟುಂಬವನ್ನೇ ಮಾಡಿದ್ದ. ಅದರಲ್ಲಿ ನಾಲ್ಕು ಮುಖ್ಯ: ಎಲ್ಲಕ್ಕಿಂತ ತಾರದಲ್ಲಿ ನುಡಿಯುವ ಸೊಪ್ರಾನೊ, ಅದರ ಕೆಳಗೆ ಆಲ್ಟೊ, ಅದಕ್ಕೂ ಕೆಳಗೆ ಟೆನರ್, ಮಂದ್ರದಲ್ಲಿ ಬ್ಯಾರಿಟೋನ್. ಒಂದನ್ನು ಕಲಿತವನು ಬೆರಳುಗಳನ್ನು ಬದಲಿಸದೆ ಇನ್ನೊಂದನ್ನು ನುಡಿಸಬಹುದು. ಗಾಯಕನ ಶ್ರುತಿ ಯಾವುದೇ ಇರಲಿ, ನಾವು ಆಧಾರಸ್ವರವನ್ನು ‘ಸ’ ಎಂದೇ ಕರೆಯುವಂತೆ, ಇಲ್ಲಿಯೂ ಬರೆದ ಸ್ವರಕ್ಕೆ ಬೆರಳು ಒಂದೇ, ಕೇಳಿಸುವ ಸ್ವರ ಮಾತ್ರ ವಾದ್ಯಕ್ಕೆ ತಕ್ಕಂತೆ ಮೇಲೋ ಕೆಳಗೋ ಇರುತ್ತದೆ. ಸ್ಯಾಕ್ಸನ ಗೆಳೆಯನಾದ ಸ್ಯಾಂಜೆಲೆ ಎಂಬ ಸಂಗೀತಗಾರನು ಈ ನಾಲ್ಕು ವಾದ್ಯಗಳಿಗೆಂದೇ 1857ರಷ್ಟು ಹಿಂದೆ ಒಂದು ಕೃತಿಯನ್ನು ರಚಿಸಿದ್ದ. ಹೀಗಾಗಿ ನಾಲ್ಕು ಸ್ಯಾಕ್ಸೋಫೋನುಗಳ ಮೇಳ ರ‍್ಯಾಗ್‌ಟೈಮಿಗಿಂತ ಹಳೆಯದು.

ಈ ವಾದ್ಯ ಬ್ಯಾಂಡುಗಳ ಮೂಲಕ ಜಗತ್ತನ್ನು ಸುತ್ತಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿಯೂ ಅದು ಇತ್ತು. ಅಲ್ಲಿ ಅದನ್ನು ಕೇಳಿ ಮನಸೋತ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸುವುದನ್ನು ಸಾಧಿಸಿ, 2019ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬೆಳಗಿದರು. ಅಮೆರಿಕದಲ್ಲಾದರೆ ಸ್ಯಾಕ್ಸೋಫೋನ್ ಬ್ಯಾಂಡಿನಿಂದ ಇಳಿದು ವಿನೋದದ ರಂಗಕ್ಕೆ ಬಂದಿತು. ಬ್ರೌನ್ ಸೋದರರು ಎಂಬ ಆರು ಮಂದಿಯ ಸ್ಯಾಕ್ಸೋಫೋನ್ ತಂಡ 1914ರಲ್ಲಿ ರ‍್ಯಾಗ್‌ಟೈಮಿನ ಒಂದು ರಚನೆಯನ್ನು ನುಡಿಸಿ ಧ್ವನಿಮುದ್ರಿಕೆ ಮಾಡಿತು. ಸ್ಯಾಕ್ಸೋಫೋನನ್ನು ಆ ದೇಶದ ಮನೆಮಾತಾಗಿಸಿದವರಲ್ಲಿ ಇವರು ಮುಖ್ಯರು. ಅವರ ನಾಯಕನಾದ ಟಾಮ್ ಬ್ರೌನ್ ಮುಖಕ್ಕೆ ಮಸಿ ಬಳಿದುಕೊಂಡು ವಿದೂಷಕನಾಗಿ ರಂಗಕ್ಕೆ ಬರುತ್ತಿದ್ದ ಎಂಬುದನ್ನೂ ಹೇಳದೆ ಬಿಡುವಂತಿಲ್ಲ. ಕಪ್ಪು ಜನರ ಸಂಗೀತ ಹೊಸ ವಾದ್ಯಕ್ಕೆ ದಾಟಿದ ಹಾದಿಯಲ್ಲಿ ಅವರ ಮೇಲಿನ ಅಣಕವೂ ಜೊತೆಗೇ ನಡೆದುಬಂದಿತ್ತು.

ಪಿಯಾನೋದ ಕೃತಿಯನ್ನು ನಾಲ್ಕು ಸ್ಯಾಕ್ಸೋಫೋನುಗಳಿಗೆ ಹೊಂದಿಸಿ ಬರೆಯುವವನ ಮುಂದೆ ನಿಲ್ಲುವ ಕಷ್ಟಗಳೇನು ಎಂಬುದನ್ನು ಈಗ ನೋಡೋಣ. ಪಿಯಾನೋ ವಾದಕನಿಗೆ ಹತ್ತು ಬೆರಳುಗಳಿವೆ. ನಾಲ್ಕು ಸ್ಯಾಕ್ಸೋಫೋನುಗಳಿಂದ ಒಂದು ಕ್ಷಣದಲ್ಲಿ ಸಾಮಾನ್ಯವಾಗಿ ಹೊರಡುವುದು ನಾಲ್ಕೇ ಸ್ವರ. ‘ಮೇಪಲ್ ಲೀಫ್’ನಲ್ಲಿ ಎಡಗೈಯ ಗೊಂಚಲೊಂದರಲ್ಲಿಯೇ ಮೂರು ನಾಲ್ಕು ಸ್ವರಗಳಿರುತ್ತವೆ. ಹಾಡನ್ನು ಸೊಪ್ರಾನೊಗೂ ಮಂದ್ರವನ್ನು ಬ್ಯಾರಿಟೋನಿಗೂ ಕೊಟ್ಟರೆ, ಗೊಂಚಲನ್ನು ಹೊರಲು ಉಳಿಯುವವರು ಇಬ್ಬರೇ. ಯಾವ ಸ್ವರವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಆಧಾರಸ್ವರ ಹೇಗೂ ಬ್ಯಾರಿಟೋನಿನಲ್ಲಿದೆ. ಅದರಿಂದ ಐದನೆಯದಾದ ಪಂಚಮವನ್ನು ಬಿಟ್ಟರೆ ಕಿವಿಗೆ ಅಷ್ಟಾಗಿ ಕೊರತೆಯೆನಿಸದು. ಮೂರನೆಯದಾದ ಗಾಂಧಾರವನ್ನು ಬಿಟ್ಟರೆ ಮಾತ್ರ ಗೊಂಚಲಿನ ಬಣ್ಣವೇ ಹೋಗುತ್ತದೆ. ಹೀಗೆ ಒಂದೊಂದು ಅಳತೆಯಲ್ಲಿಯೂ ತೂಗಿ ನೋಡಿ ಬರೆಯಬೇಕು. ಬಲಗೈ ಹಾಡನ್ನು ಏಕಕಾಲದಲ್ಲಿ ಎರಡು ಸ್ಥಾಯಿಗಳಲ್ಲಿ ನುಡಿಸುವೆಡೆ ಸೊಪ್ರಾನೊ ಆಲ್ಟೊ ಎರಡೂ ಹಾಡಿಗೇ ಬೇಕಾಗುತ್ತವೆ. ಆಗ ಟೆನರ್ ಒಂಟಿಯಾಗಿ ಗೊಂಚಲಿನ ನೆನಪನ್ನು ಉಳಿಸಿಕೊಡಬೇಕು.

ಎರಡನೆಯ ಕಷ್ಟ ಉಸಿರಿನದು. ಪಿಯಾನೋ ಉಸಿರಾಡುವುದಿಲ್ಲ, ಬ್ಯಾರಿಟೋನ್ ವಾದಕ ಉಸಿರಾಡಲೇಬೇಕು. ಮಂದ್ರದ ದೊಡ್ಡ ಕೊಳವೆ ಬಹಳ ಗಾಳಿಯನ್ನು ಬೇಡುತ್ತದೆ. ಹದಿನಾರು ಅಳತೆಗಳ ಉದ್ದಕ್ಕೂ ಬಿಡುವಿಲ್ಲದೆ ಬರುವ ಎಡಗೈಯ ಪೆಟ್ಟುಗಳನ್ನೆಲ್ಲ ಅವನ ಮೇಲೆಯೇ ಹೊರಿಸಿದರೆ, ಎಲ್ಲೋ ಒಂದು ಕಡೆ ಪೆಟ್ಟು ತಪ್ಪಿ ನೆಲವೇ ಕುಸಿದಂತಾಗುತ್ತದೆ. ಆದುದರಿಂದ ಜಾಣನಾದವನು ನಡುನಡುವೆ ಒಂದು ಪೆಟ್ಟನ್ನು ಟೆನರಿಗೆ ದಾಟಿಸಿ ಬ್ಯಾರಿಟೋನಿಗೆ ಉಸಿರೆಳೆಯಲು ಎಡೆ ಮಾಡಿಕೊಡುತ್ತಾನೆ. ಕೇಳುವವರಿಗೆ ಇದು ತಿಳಿಯಬಾರದು.

ಮೂರನೆಯದು ಇನ್ನೂ ಸೂಕ್ಷ್ಮ. ಪಿಯಾನೋದ ಸ್ವರ ಹುಟ್ಟಿದ ಕ್ಷಣದಿಂದ ಕರಗತೊಡಗುತ್ತದೆ. ಸ್ಯಾಕ್ಸೋಫೋನಿನ ಸ್ವರ ಊದಿದಷ್ಟು ಹೊತ್ತು ನಿಲ್ಲುತ್ತದೆ, ಬೇಕಾದರೆ ಉಬ್ಬುತ್ತದೆ. ಹಾಡಿನ ಪಾಲಿಗೆ ಇದು ವರ. ಲಯದ ಪಾಲಿಗೆ ಅಪಾಯ. ಒಂದು ಸ್ವರ ಅಗತ್ಯಕ್ಕಿಂತ ಕೊಂಚ ಉದ್ದವಾದರೂ ಪೆಟ್ಟುಗಳ ನಡುವಣ ಖಾಲಿ ಜಾಗ ತುಂಬಿಹೋಗುತ್ತದೆ. ರ‍್ಯಾಗ್‌ಟೈಮಿನ ಜೀವವಾದರೋ ಆ ಖಾಲಿ ಜಾಗದಲ್ಲಿದೆ. ನಾಲಗೆಯ ತುದಿಯನ್ನು ಜೊಂಡಿಗೆ ತಾಕಿಸಿ ಸ್ವರವನ್ನು ಕತ್ತರಿಸುವುದನ್ನು ನಾಲ್ವರೂ ಒಂದೇ ಹದದಲ್ಲಿ ಕಲಿತಿರಬೇಕು.

ಕಳೆದುಕೊಳ್ಳುವುದಷ್ಟೇ ಅಲ್ಲ, ಪಡೆಯುವುದೂ ಉಂಟು. ಮೊದಲ ಖಂಡದ ನಡುವೆ ಸ್ವರಗಳ ಒಂದು ಸಾಲು ಮಂದ್ರದಿಂದ ಮೆಟ್ಟಿಲು ಮೆಟ್ಟಿಲಾಗಿ ತಾರಕ್ಕೆ ಏರುತ್ತದೆ. ಪಿಯಾನೋದಲ್ಲಿ ಅದು ಕೈಯಿಂದ ಕೈಗೆ ದಾಟುವ ಓಟ. ನಾಲ್ಕು ಸ್ಯಾಕ್ಸೋಫೋನುಗಳಲ್ಲಿ ಬ್ಯಾರಿಟೋನ್ ಆರಂಭಿಸಿದ್ದನ್ನು ಟೆನರ್ ಎತ್ತಿಕೊಂಡು, ಆಲ್ಟೊ ಮುಂದುವರಿಸಿ, ಸೊಪ್ರಾನೊ ಶಿಖರ ಮುಟ್ಟಿಸಬಹುದು. ಬಾವಿಯಿಂದ ತುಂಬಿದ ಕೊಡ ಕೈಯಿಂದ ಕೈಗೆ ಮೇಲೆ ಬಂದಂತೆ. ಕೃತಿಯ ಶ್ರುತಿಯೂ ಇವರಿಗೆ ಅನುಕೂಲವಾದದ್ದು. ಪಿಯಾನೋಗೆ ನಾಲ್ಕು ಕೋಮಲ ಚಿಹ್ನೆಗಳಲ್ಲಿ ಬರೆದದ್ದು ಸೊಪ್ರಾನೊ ಮತ್ತು ಟೆನರ್ ವಾದಕರ ಹಾಳೆಯಲ್ಲಿ ಎರಡಕ್ಕೆ, ಆಲ್ಟೊ ಮತ್ತು ಬ್ಯಾರಿಟೋನ್ ವಾದಕರ ಹಾಳೆಯಲ್ಲಿ ಒಂದಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬನ ಎರಡು ಕೈಗಳ ನಡುವೆ ಗುಟ್ಟಾಗಿ ನಡೆಯುತ್ತಿದ್ದ ಹಟ ಇಲ್ಲಿ ನಾಲ್ವರು ಎದುರುಬದುರು ಕುಳಿತು ನಡೆಸುವ ಸಂವಾದವಾಗುತ್ತದೆ. ಹಾಡು ಎಲ್ಲಿ ಜಾರಿತು, ಯಾರು ಅದನ್ನು ಹಿಡಿದರು ಎಂಬುದು ಕಣ್ಣಿಗೂ ಕಾಣುತ್ತದೆ.

ರ‍್ಯಾಗ್‌ಟೈಮಿನ ಬೆನ್ನಿಗೇ ಬಂದ ಜಾಜ್ ಸಂಗೀತವನ್ನು ಹೀಗೆ ಹೊಂದಿಸುವುದು ಅಷ್ಟು ಸುಲಭವಲ್ಲ. ನ್ಯೂ ಆರ್ಲಿಯನ್ಸ್ ನಗರದ ಬ್ಯಾಂಡುಗಳಲ್ಲಿ ಬೆಳೆದ ಜಾಜ್ ಬಹುಮಟ್ಟಿಗೆ ಆ ಕ್ಷಣದಲ್ಲಿ ಹುಟ್ಟುವ ಮನೋಧರ್ಮದ ಸಂಗೀತ. ಅಲ್ಲಿ ಕಾರ್ನೆಟ್ ಹಾಡನ್ನು ಹಿಡಿದರೆ, ಕ್ಲಾರಿನೆಟ್ ಅದರ ಮೇಲೆ ಬಳ್ಳಿಯಂತೆ ಹಬ್ಬುತ್ತದೆ, ಟ್ರೊಂಬೋನ್ ಕೆಳಗಿನಿಂದ ಜಾರುತ್ತ ಉತ್ತರ ಕೊಡುತ್ತದೆ. ನಾಲ್ಕು ಸ್ಯಾಕ್ಸೋಫೋನುಗಳಿಗೆ ಬರೆಯುವವನು ಕ್ಲಾರಿನೆಟ್ಟಿನ ಪಾತ್ರವನ್ನು ಸೊಪ್ರಾನೊಗೂ, ಕಾರ್ನೆಟ್ಟಿನದನ್ನು ಆಲ್ಟೊಗೂ, ಟ್ರೊಂಬೋನಿನದನ್ನು ಟೆನರಿಗೂ ಹಂಚುವುದುಂಟು. ಹಂಚಿಕೆ ಅಂದವಾಗಿಯೇ ಇರುತ್ತದೆ. ಆದರೆ ಒಂದು ದಿನ ತಾನಾಗಿ ಹುಟ್ಟಿದ್ದನ್ನು ಬರೆದಿಟ್ಟು ಮರುದಿನ ಓದಿ ನುಡಿಸಿದಾಗ ಅದರ ಬಿಸಿ ಸ್ವಲ್ಪ ಆರಿರುತ್ತದೆ. ಬರೆದೇ ಹುಟ್ಟಿದ ರ‍್ಯಾಗ್‌ಟೈಮಿಗೆ ಈ ನಷ್ಟವಿಲ್ಲ.

ಎರಡಕ್ಕೂ ಇರುವ ಅಂತರವನ್ನು ಕಿವಿಯಾರೆ ತೋರಿಸಿದವನು ನ್ಯೂ ಆರ್ಲಿಯನ್ಸಿನ ಜೆಲ್ಲಿ ರೋಲ್ ಮಾರ್ಟನ್. 1938ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯಕ್ಕಾಗಿ ನಡೆದ ಧ್ವನಿಮುದ್ರಣದಲ್ಲಿ ಅವನು ‘ಮೇಪಲ್ ಲೀಫ್ ರ‍್ಯಾಗ್’ ಅನ್ನು ಮೊದಲು ಮಿಸೌರಿಯವರ ಬಗೆಯಲ್ಲಿಯೂ ಆಮೇಲೆ ತನ್ನ ಊರಿನ ಬಗೆಯಲ್ಲಿಯೂ ನುಡಿಸಿದ. ಎರಡನೆಯದರಲ್ಲಿ ಅದೇ ಮನೆ ಬಾಗಿಲು ಕಿಟಕಿಗಳನ್ನು ತೆರೆದು ನಿಂತಂತಿದೆ. ಅದಕ್ಕೂ ಮೊದಲೇ, 1932ರಲ್ಲಿ, ಅದೇ ಊರಿನ ಸಿಡ್ನಿ ಬೆಷೆ ತನ್ನ ತಂಡದೊಡನೆ ಅದೇ ಕೃತಿಯನ್ನು ಸೊಪ್ರಾನೊ ಸ್ಯಾಕ್ಸೋಫೋನಿನಲ್ಲಿ ಬಿರುಗಾಳಿಯ ವೇಗದಲ್ಲಿ ನುಡಿಸಿದ್ದ. ಜಾಪ್ಲಿನ್ ಕೇಳಿದ್ದರೆ ಅದರ ವೇಗವನ್ನು ಮೆಚ್ಚುತ್ತಿರಲಿಲ್ಲ. ಅದರ ಕಾವನ್ನು ಅಲ್ಲಗಳೆಯುತ್ತಲೂ ಇರಲಿಲ್ಲವೇನೋ.

ಕೇಳಲು ಅವನು ಉಳಿದಿರಲಿಲ್ಲ. ಅವನ ಕೊನೆಯ ವರ್ಷಗಳು ‘ಟ್ರೀಮೊನಿಷಾ’ ಎಂಬ ಗೇಯನಾಟಕಕ್ಕೆ ಸಂದವು. ಮರದ ಕೆಳಗೆ ಸಿಕ್ಕ ಒಂದು ಹೆಣ್ಣು ಮಗು ಬೆಳೆದು, ಅಕ್ಷರ ಕಲಿತು, ಮಾಟ ಮಂತ್ರಗಳವರ ಹಿಡಿತದಿಂದ ತನ್ನ ಜನರನ್ನು ಬಿಡಿಸಿ ಅವರ ನಾಯಕಿಯಾಗುವುದು ಅದರ ಕಥೆ. ಪ್ರಕಾಶಕರು ಸಿಗದೆ 1911ರಲ್ಲಿ ಜಾಪ್ಲಿನ್ ತಾನೇ ಅದನ್ನು ಅಚ್ಚು ಹಾಕಿಸಿದ, ಪುಟಗಳು 230. 1915ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಎಂಬ ಭಾಗದಲ್ಲಿ ಅದನ್ನು ಒಮ್ಮೆ ಹಾಡಿಸಿ ತೋರಿಸಿದ. ಪರದೆಗಳಿರಲಿಲ್ಲ, ವಾದ್ಯವೃಂದವಿರಲಿಲ್ಲ, ಇಡೀ ವೃಂದದ ಕೆಲಸವನ್ನು ಅವನೊಬ್ಬನೇ ಪಿಯಾನೋದಲ್ಲಿ ಮಾಡಿದ. ನೋಡಿದವರು ಒಲಿಯಲಿಲ್ಲ. ದೇಹವೂ ಬುದ್ಧಿಯೂ ರೋಗಕ್ಕೆ ತುತ್ತಾಗಿ, 1917ರ ಏಪ್ರಿಲ್ 1ರಂದು ಆ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಅವನು ಕಣ್ಣು ಮುಚ್ಚಿದ. ಅದಕ್ಕೆ ಸುಮಾರು ಐದು ವಾರಗಳ ಹಿಂದೆ ಅದೇ ನಗರದಲ್ಲಿ ನ್ಯೂ ಆರ್ಲಿಯನ್ಸಿನಿಂದ ಬಂದ ಐವರು ಬಿಳಿಯರ ತಂಡವೊಂದು ಜಾಜ್ ಸಂಗೀತದ ಮೊದಲ ಧ್ವನಿಮುದ್ರಿಕೆಯನ್ನು ಮಾಡಿತ್ತು. ಜಾಪ್ಲಿನ್ನನ ಸಮಾಧಿಯ ಮೇಲೆ ಹೆಸರಿನ ಗುರುತೂ ಇರಲಿಲ್ಲ.

ಅರ್ಧ ಶತಮಾನದ ಮೇಲೆ ಕಾಲಚಕ್ರ ತಿರುಗಿತು. 1970ರಲ್ಲಿ ಜೋಷುವಾ ರಿಫ್ಕಿನ್ ಎಂಬ ವಾದಕ ಜಾಪ್ಲಿನ್ನನ ಕೃತಿಗಳನ್ನು ಅವಸರವಿಲ್ಲದೆ, ಬರೆದದ್ದನ್ನು ಬರೆದಂತೆ ನುಡಿಸಿ ಧ್ವನಿಮುದ್ರಿಕೆ ಮಾಡಿದ. 1972ರಲ್ಲಿ ‘ಟ್ರೀಮೊನಿಷಾ’ ಅಟ್ಲಾಂಟಾ ನಗರದಲ್ಲಿ ಪೂರ್ಣವಾಗಿ ರಂಗವೇರಿತು. 1973ರ ‘ದಿ ಸ್ಟಿಂಗ್’ ಎಂಬ ಚಲನಚಿತ್ರ ಅವನ ‘ದಿ ಎಂಟರ್‌ಟೇನರ್’ ಎಂಬ ಕೃತಿಯನ್ನು ಲೋಕದ ಕಿವಿಗೆಲ್ಲ ಮುಟ್ಟಿಸಿತು. ಸಮಾಧಿಗೆ ಹೆಸರಿನ ಫಲಕ ಬಂದದ್ದು 1974ರಲ್ಲಿ. ಅಮೆರಿಕದ ಪುಲಿಟ್ಜರ್ ಮಂಡಲಿಯ ವಿಶೇಷ ಗೌರವ ಸಂದದ್ದು 1976ರಲ್ಲಿ.

ಜಾಪ್ಲಿನ್ನನ ಕೃತಿಗಳ ಸ್ಯಾಕ್ಸೋಫೋನ್ ರೂಪಗಳು ಈಗ ಹಲವಾರು ಮುದ್ರಣಗಳಲ್ಲಿ ದೊರೆಯುತ್ತವೆ. ಕಛೇರಿಯ ಕೊನೆಯಲ್ಲಿ ಕೇಳುಗರು ಮತ್ತೊಂದು ಬೇಕೆಂದು ಒತ್ತಾಯಿಸಿದಾಗ ನಾಲ್ವರು ವಾದಕರು ‘ಮೇಪಲ್ ಲೀಫ್’ನ ಹಾಳೆಯನ್ನು ತೆರೆಯುವುದುಂಟು. ಚಪ್ಪಾಳೆಯ ಉತ್ಸಾಹದಲ್ಲಿ ವೇಗ ತಾನಾಗಿ ಏರುತ್ತದೆ. ಅದನ್ನು ತಡೆದು ನಿಲ್ಲಿಸುವ ಕೆಲಸ ಬ್ಯಾರಿಟೋನ್ ವಾದಕನದು. ಪೆಟ್ಟು ಅವನ ಕೈಯಲ್ಲಿದೆ. ಅವನು ಸಾವಧಾನದಿಂದ ಹೆಜ್ಜೆಯಿಟ್ಟರೆ ನಾಲ್ಕರ ಚಪ್ಪಾಳೆ ಬೀಳಬೇಕಾದ ಸಣ್ಣ ಎಡೆ ಮೇಲಿನ ಮೂವರಿಗೂ ಸ್ಪಷ್ಟವಾಗಿ ಸಿಗುತ್ತದೆ.